ಬೆಳೆದದ್ದಕ್ಕೆ ಒಂದು ಬಿಲ್, ಬಾಟಲಿಗೆ ಇನ್ನೊಂದು: ಜಿಎಸ್‌ಟಿ ಲೆಕ್ಕ ರೈತರಿಗೆ ಎಲ್ಲಿಂದ ಶುರುವಾಗುತ್ತೆ?

2025ರ ಜುಲೈ ನೆನಪಿದೆಯಲ್ಲ? ಯುಪಿಐ ವಹಿವಾಟಿನ ಲೆಕ್ಕ ಹಿಡಿದು ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸಿನ ಮೊತ್ತ ಸುಮಾರು 29 ಲಕ್ಷ ರೂಪಾಯಿ. ಬೆಂಗಳೂರಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಅಂತ ಬೋರ್ಡ್ ಹಾಕಿದ್ರು. ಕೊನೆಗೆ ಸರ್ಕಾರವೇ ಮುಂದೆ ಬಂದು, ತರಕಾರಿ, ಹಣ್ಣು, ಹಾಲಿನಂಥ ವಿನಾಯಿತಿ ಇರುವ ಸರಕಿಗೆ ತೆರಿಗೆ ಕೇಳಲ್ಲ, ಹಳೆಯ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಬೇಕಾದವರು ಮಾಡಿಸಿಕೊಳ್ಳಬೇಕು ಅಂತ ಹೇಳಿತು.

ಗಲಾಟೆ ಮುಗೀತು. ಆದರೆ ಅದರೊಳಗಿದ್ದ ವಿಷಯ ಮುಗಿದಿಲ್ಲ. ಯುಪಿಐ ಲೆಕ್ಕದಲ್ಲಿ ದುಡ್ಡು ಬಂದದ್ದು ಕಾಣುತ್ತೆ, ಯಾವುದಕ್ಕೆ ಬಂತು ಅನ್ನೋದು ಕಾಣಲ್ಲ. ಟೊಮೆಟೊ ಮಾರಿದ 500 ರೂಪಾಯಿ, ಜೇನು ಬಾಟಲಿಯ 500 ರೂಪಾಯಿ, ಭಾವ ಸಾಲ ತೀರಿಸಿದ 500 ರೂಪಾಯಿ, ಮೂರೂ ಕಂಪ್ಯೂಟರಿಗೆ ಒಂದೇ. ಬೇರೆ ಬೇರೆ ಅಂತ ತೋರಿಸಬೇಕಾದವರು ನಾವು, ತೋರಿಸೋಕೆ ನಮ್ಮ ಹತ್ರ ಇರೋದು ಬಿಲ್ ಪುಸ್ತಕ.

ಈಗ ನಮ್ಮಲ್ಲಿ ಬಹಳ ಜನ ಬರೀ ಬೆಳೆಗಾರರಾಗಿ ಉಳಿದಿಲ್ಲ. ಬೆಳಿಗ್ಗೆ ಸೊಪ್ಪು ಕೊಯ್ತೀವಿ, ಮಧ್ಯಾಹ್ನ ಗಾಣದ ಎಣ್ಣೆ ಬಾಟಲಿಗೆ ಲೇಬಲ್ ಅಂಟಿಸ್ತೀವಿ, ಸಂಜೆ ಇನ್‌ಸ್ಟಾಗ್ರಾಮಲ್ಲಿ ಬಂದ ಆರ್ಡರ್ ಕೊರಿಯರ್ ಮಾಡ್ತೀವಿ. ಒಂದೇ ದಿನದಲ್ಲಿ ಕಾನೂನಿನ ಕಣ್ಣಿಗೆ ಮೂರು ಥರದ ವ್ಯಕ್ತಿ ಆಗಿರ್ತೀವಿ. ಹಾಗಾಗಿ ಯಾವ ಗಳಿಗೆಯಲ್ಲಿ ನೀವು ರೈತ, ಯಾವ ಗಳಿಗೆಯಲ್ಲಿ ವ್ಯಾಪಾರಿ ಅನ್ನೋದನ್ನ ಬಿಡಿಸಿಕೊಂಡರೆ ಬಿಲ್ಲಿನ ಮುಕ್ಕಾಲು ಗೊಂದಲ ಅಲ್ಲೇ ಕಳೆಯುತ್ತೆ.

ಕಾನೂನಿನ ಪ್ರಕಾರ ರೈತ ಅಂದ್ರೆ ಯಾರು

ಜಿಎಸ್‌ಟಿ ಕಾಯ್ದೆಯಲ್ಲಿ ‘ಕೃಷಿಕ’ ಅನ್ನೋ ಪದಕ್ಕೆ ಬೇರೆಯದೇ ವ್ಯಾಖ್ಯಾನ ಇದೆ. ಒಬ್ಬ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ, ತಾನೇ ದುಡಿದು, ಮನೆಯವರು ದುಡಿದು, ಇಲ್ಲಾ ಕೂಲಿಯಾಳು ಇಟ್ಟು ತನ್ನದೇ ಉಸ್ತುವಾರಿಯಲ್ಲಿ ಜಮೀನು ಸಾಗುವಳಿ ಮಾಡಿದರೆ ಕೃಷಿಕ. ಜಮೀನು ಸ್ವಂತದ್ದೇ ಆಗಿರಬೇಕು ಅಂತ ಅದರಲ್ಲಿಲ್ಲ. ಗುತ್ತಿಗೆಗೆ ಮಾಡೋರು ಕರಾರು ಪತ್ರ ಜೋಪಾನ ಮಾಡಿ ಇಟ್ಟುಕೊಳ್ಳಿ ಅಷ್ಟೇ. ಇಂಥ ಕೃಷಿಕ ತಾನು ಬೆಳೆದದ್ದನ್ನ ಮಾರುವಷ್ಟರ ಮಟ್ಟಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಎಷ್ಟು ಲಕ್ಷಕ್ಕೆ ಮಾರಿದ್ರೂ ಬೇಕಿಲ್ಲ.

ವ್ಯಾಖ್ಯಾನದಲ್ಲಿ ಯಾರಿಲ್ಲ ನೋಡಿ. ಪಾಲುದಾರಿಕೆ ಸಂಸ್ಥೆ ಇಲ್ಲ, ಎಲ್‌ಎಲ್‌ಪಿ ಇಲ್ಲ, ರೈತ ಉತ್ಪಾದಕ ಕಂಪನಿಯೂ ಇಲ್ಲ. ಸದಸ್ಯರೆಲ್ಲ ರೈತರೇ ಆಗಿದ್ರೂ ಎಫ್‌ಪಿಒ ಕಾನೂನಿನ ದೃಷ್ಟಿಯಲ್ಲಿ ಕೃಷಿಕ ಅಲ್ಲ. ಮೂವರು ಗೆಳೆಯರು ಸೇರಿ ಪಾರ್ಟ್‌ನರ್‌ಶಿಪ್ ಮಾಡಿಕೊಂಡು ಅದೇ ಹೊಲದ ಬೆಳೆ ಸಂಸ್ಥೆ ಹೆಸರಲ್ಲಿ ಮಾರಿದರೆ ಕೃಷಿಕರಿಗಿರುವ ವಿನಾಯಿತಿ ಆ ಸಂಸ್ಥೆಗೆ ಸಿಗಲ್ಲ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ, ಅದು ಬೇರೆ ಮಾತು. ಆದರೆ ಮೆಣಸು, ಒಣದ್ರಾಕ್ಷಿಯಂಥ ತೆರಿಗೆ ಇರುವ ಬೆಳೆಗೆ ಈ ವ್ಯತ್ಯಾಸ ಜೇಬಿಗೆ ತಟ್ಟುತ್ತೆ.

ಮೆಣಸಿನ ವಿಷಯ ಬಂತಲ್ಲ, ಕೊಡಗು, ಸಕಲೇಶಪುರ ಕಡೆಯವರು ಇದನ್ನ ಗಮನವಿಟ್ಟು ಓದಿ. ಕಾಳುಮೆಣಸಿಗೆ, ಹಸಿಯಾಗಲಿ ಒಣಗಿದ್ದಾಗಲಿ, ಶೇ. 5 ದರ. ಹಾಗಾದ್ರೆ ಬೆಳೆಗಾರ ಒಣಗಿಸಿ ಮಾರಿದ್ರೆ ಅವನೂ ನೋಂದಣಿ ಮಾಡಿಸಬೇಕಾ ಅಂತ ವರ್ಷಗಟ್ಟಲೆ ಜಗ್ಗಾಟ ಇತ್ತು. 2024ರ ಡಿಸೆಂಬರಲ್ಲಿ ಜೈಸಲ್ಮೇರಲ್ಲಿ ನಡೆದ 55ನೇ ಜಿಎಸ್‌ಟಿ ಮಂಡಳಿ ಸಭೆ ಇದನ್ನ ಬಗೆಹರಿಸಿತು. ಕೃಷಿಕ ತಾನು ಬೆಳೆದ ಮೆಣಸನ್ನ ಒಣಗಿಸಿ ಮಾರಿದರೂ ನೋಂದಣಿ ಬೇಡ, ಒಣದ್ರಾಕ್ಷಿಗೂ ಅದೇ ಅಂತ ಸ್ಪಷ್ಟ ಮಾಡಿತು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದು ದೊಡ್ಡ ನಿರಾಳ. (ಅದೇ ಸಭೆಯ ಪಾಪ್‌ಕಾರ್ನ್ ಚರ್ಚೆಗೆ ದೇಶವೆಲ್ಲ ನಕ್ಕಿತು, ಮೆಣಸಿನ ಸುದ್ದಿ ಅದರಡಿ ಮುಚ್ಚಿಹೋಯ್ತು.) ಈ ವಿವರಣೆ ಬಂದದ್ದು ಮೆಣಸು ಮತ್ತು ಒಣದ್ರಾಕ್ಷಿ ಹೆಸರಲ್ಲಿ. ಅರಿಶಿನ ಕುದಿಸಿ, ಒಣಗಿಸಿ, ಪುಡಿ ಮಾಡಿ, ಪ್ಯಾಕೆಟ್ ಕಟ್ಟಿ ಮಾರೋರು ‘ನಮಗೂ ಇದೇ ಅನ್ವಯ’ ಅಂದುಕೊಂಡು ಕೂರೋದು ಬೇಡ.

ಬೆಳೆ ಎಲ್ಲಿ ಉತ್ಪನ್ನ ಆಗುತ್ತೆ

ಹಸಿ ಅರಿಶಿನಕ್ಕೆ ತೆರಿಗೆ ಇಲ್ಲ, ಒಣ ಅರಿಶಿನ ಮತ್ತು ಪುಡಿಗೆ ಶೇ. 5. ಹಸಿ ಶುಂಠಿಗೆ ಇಲ್ಲ, ಒಣಶುಂಠಿಗೆ ಇದೆ. ಕಾಫಿ ಬೀಜ ಹುರಿಯದೆ ಮಾರಿದರೆ ಇಲ್ಲ, ಹುರಿದರೆ ಇದೆ. ಇವೆಲ್ಲ ಸಂಸ್ಕರಣೆಯಿಂದ ಬರುವ ವ್ಯತ್ಯಾಸ, ತಲೆಗೆ ಬೇಗ ಹತ್ತುತ್ತೆ.

ಜನ ಎಡವೋದು ಇನ್ನೊಂದು ಗೆರೆಯಲ್ಲಿ, ಅದು ಪ್ಯಾಕೆಟ್. 2022ರ ಜುಲೈ 18ರಿಂದ ಅಕ್ಕಿ, ರಾಗಿ, ಬೇಳೆ, ಹಿಟ್ಟು, ಬೆಲ್ಲ, ಜೇನು ಇವಕ್ಕೆ ಬ್ರ್ಯಾಂಡ್ ಇದೆಯಾ ಇಲ್ಲವಾ ಅನ್ನೋದು ಮುಖ್ಯ ಅಲ್ಲ. ಮೊದಲೇ ತೂಕ ಮಾಡಿ, ಪ್ಯಾಕ್ ಮಾಡಿ, ಲೇಬಲ್ ಹಚ್ಚಿದ್ದಾದರೆ ಶೇ. 5, ಬಿಡಿಯಾಗಿ ಮಾರಿದರೆ ಸೊನ್ನೆ. ಧಾನ್ಯ, ಬೇಳೆ, ಹಿಟ್ಟಿನ ಚೀಲ 25 ಕೆಜಿಗಿಂತ ದೊಡ್ಡದಾದ್ರೂ ಸೊನ್ನೆ. ಅಂದ್ರೆ ಒಂದೇ ಹೊಲದ ರಾಗಿ 30 ಕೆಜಿ ಚೀಲದಲ್ಲಿ ಹೋದರೆ ತೆರಿಗೆ ಇಲ್ಲ, ಅರ್ಧ ಕೆಜಿ ಪೌಚಲ್ಲಿ ಹೋದರೆ ಇದೆ. ಗಿರಾಕಿ ಎದುರಲ್ಲೇ ಬಿಡಿ ಬೆಲ್ಲ ತೂಗಿ ಕವರಿಗೆ ಹಾಕಿಕೊಟ್ಟರೆ ಅದು ‘ಪ್ಯಾಕೇಜ್’ ಅಲ್ಲ. ತಾಜಾ ಹಣ್ಣು, ತರಕಾರಿ, ಸೊಪ್ಪಿಗೆ ಈ ಪ್ಯಾಕೆಟ್ ಲೆಕ್ಕವೇ ಇಲ್ಲ, ಪನ್ನೆಟ್ ಬಾಕ್ಸಿಗೆ ಸ್ಟಿಕ್ಕರ್ ಹಚ್ಚಿದರೂ ಸೊನ್ನೆ. ಗಾಣದ ಎಣ್ಣೆಯದ್ದು ತಿರುಗುಮುರುಗು: ಡ್ರಮ್ಮಿನಿಂದ ಅಳೆದು ಕೊಟ್ಟರೂ ಶೇ. 5.

ಇದರ ಮೇಲೆ 2025ರ ಸೆಪ್ಟೆಂಬರ್ 22ರ ಬದಲಾವಣೆ ಬಂತು. ಶೇ. 12 ಮತ್ತು ಶೇ. 28ರ ಸ್ಲ್ಯಾಬ್ ಎದ್ದುಹೋಯ್ತು. ನಮಗೆ ಸಂಬಂಧಪಟ್ಟವು ಹೆಚ್ಚಿನವು 12ರಿಂದ 5ಕ್ಕೆ ಇಳಿದವು: ತುಪ್ಪ, ಬೆಣ್ಣೆ, ಜಾಮ್, ಹಣ್ಣಿನ ರಸ, ಬಾಟಲಿ ಎಳನೀರು. ಪ್ಯಾಕ್ ಮಾಡಿದ ಪನ್ನೀರಿಗೆ ಸೊನ್ನೆ ಆಯ್ತು. ಕೊಳ್ಳುವ ಕಡೆಯಲ್ಲೂ ಟ್ರ್ಯಾಕ್ಟರ್, ಹನಿ ನೀರಾವರಿ ಮತ್ತು ತುಂತುರು ನೀರಾವರಿ ಸಾಮಗ್ರಿ 5ಕ್ಕೆ ಬಂದವು. ತುಪ್ಪದ ಬಿಲ್ಲಿಗೆ ಇನ್ನೂ ಶೇ. 12 ಅಂತ ಯಾರಾದ್ರೂ ಹಾಕ್ತಾ ಇದ್ದರೆ ಗಿರಾಕಿಯಿಂದ ಜಾಸ್ತಿ ವಸೂಲಿ ಮಾಡ್ತಿದ್ದಾರೆ ಅಂತಲೇ ಅರ್ಥ.

40 ಲಕ್ಷದ ಲೆಕ್ಕ, ಒಂದು ಕೊರಿಯರ್ ಲೆಕ್ಕ

ಬರೀ ಸರಕು ಮಾರೋರಿಗೆ ಕರ್ನಾಟಕದಲ್ಲಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಇದನ್ನ ಎಲ್ಲರೂ ಕೇಳಿದ್ದೀವಿ. ಕೇಳದೇ ಇರೋದು ಇದು: ಆ 40 ಲಕ್ಷಕ್ಕೆ ತೆರಿಗೆ ಇರುವ ಮಾರಾಟ ಮಾತ್ರ ಅಲ್ಲ, ವಿನಾಯಿತಿ ಇರುವ ಮಾರಾಟವೂ ಸೇರುತ್ತೆ.

ಒಬ್ಬ ಹುಡುಗ ಅಕ್ಕಪಕ್ಕದ ಊರಿನವರಿಂದ ತರಕಾರಿ ಕೊಂಡು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ವಾರದ ಬುಟ್ಟಿ ಕೊಡ್ತಾನೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 45 ಲಕ್ಷ. ಪೂರ್ತಿ ವಿನಾಯಿತಿ ಸರಕು, ಹಾಗಾಗಿ 40 ಲಕ್ಷ ದಾಟಿದ್ರೂ ನೋಂದಣಿ ಬೇಡ. ಮುಂದಿನ ವರ್ಷ ಅದೇ ಬುಟ್ಟಿಗೆ ತಾನೇ ಮಾಡಿದ ಗಾಣದ ಎಣ್ಣೆ, ಉಪ್ಪಿನಕಾಯಿ ಸೇರಿಸಿದ, ವರ್ಷಕ್ಕೆ 60 ಸಾವಿರದ್ದು. ಈಗ ಅವನು ‘ವಿನಾಯಿತಿ ಸರಕು ಮಾತ್ರ’ ಮಾರುವವನಲ್ಲ, ಒಟ್ಟು ವಹಿವಾಟು 45.6 ಲಕ್ಷ, 30 ದಿನದೊಳಗೆ ನೋಂದಣಿ ಕೇಳಬೇಕು. ಕಟ್ಟಬೇಕಾದ ತೆರಿಗೆ ಎಷ್ಟು? 60 ಸಾವಿರಕ್ಕೆ ಶೇ. 5, ಅಂದ್ರೆ 3 ಸಾವಿರ. ಅಷ್ಟಕ್ಕೆ ವರ್ಷವಿಡೀ ರಿಟರ್ನ್ ಸಲ್ಲಿಸೋ ಕೆಲಸ.

ಇಲ್ಲಿ ಆಡಿಟರ್ ಯಾರಾದ್ರೂ ‘ಕಾಂಪೊಸಿಷನ್ ಸ್ಕೀಮ್ ತಗೋ, ಶೇ. 1 ಅಷ್ಟೇ’ ಅಂದ್ರೆ ತಕ್ಷಣ ತಲೆ ಆಡಿಸಬೇಡಿ. ತಂದು ಮಾರುವ ವ್ಯಾಪಾರಿಗೆ ಆ ಶೇ. 1 ತೆರಿಗೆ ಇರುವ ಸರಕಿನ ಮೇಲೆ ಮಾತ್ರ. ಆದರೆ ತಯಾರಕನಿಗೆ ರಾಜ್ಯದೊಳಗಿನ ಪೂರ್ತಿ ವಹಿವಾಟಿನ ಮೇಲೆ. ಎಣ್ಣೆ ತೆಗೆದು ಉಪ್ಪಿನಕಾಯಿ ಹಾಕುವ ನಮ್ಮ ಹುಡುಗ ತಯಾರಕ. 45.6 ಲಕ್ಷಕ್ಕೆ ಶೇ. 1 ಅಂದ್ರೆ 45,600 ರೂಪಾಯಿ. ಮಾಮೂಲಿ ನೋಂದಣಿಯಲ್ಲಿ 3 ಸಾವಿರಕ್ಕೆ ಮುಗಿಯೋದು! ಕಾಂಪೊಸಿಷನ್‌ನಲ್ಲಿ ಹೊರರಾಜ್ಯಕ್ಕೆ ಮಾರೋ ಹಾಗೂ ಇಲ್ಲ, ಬಿಲ್ಲಲ್ಲಿ ತೆರಿಗೆ ಹಾಕೋ ಹಾಗೂ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ತರಕಾರಿ ಜಾಸ್ತಿ, ಬಾಟಲಿ ಕಮ್ಮಿ ಇರೋರಿಗೆ ಇದು ಹೊಂದಲ್ಲ. ಬಾಟಲಿಯ ವ್ಯವಹಾರವನ್ನ ನಿಜವಾಗಿಯೂ ಊರಿನ ಸ್ತ್ರೀಶಕ್ತಿ ಸಂಘವೇ ತನ್ನ ಖಾತೆ, ತನ್ನ ಬಿಲ್ಲಲ್ಲಿ ನಡೆಸಿದರೆ ಅದೂ ಒಂದು ದಾರಿ. ಕಾಗದದಲ್ಲಿ ಮಾತ್ರ ಹೆಂಡತಿ ಹೆಸರಿಗೆ ಬರೆದು ದುಡ್ಡು ನಿಮ್ಮ ಫೋನಿಗೇ ಬಂದರೆ ಅದು ದಾರಿ ಅಲ್ಲ.

ಕೊರಿಯರ್ ಲೆಕ್ಕ ಇನ್ನೂ ಸಣ್ಣದು. ತೆರಿಗೆ ಇರುವ ಸರಕನ್ನ ಹೊರರಾಜ್ಯಕ್ಕೆ ಮಾರೋರಿಗೆ 40 ಲಕ್ಷದ ಮಿತಿ ಅನ್ವಯಿಸಲ್ಲ. ಲೇಬಲ್ ಹಚ್ಚಿದ ಒಂದು ಜೇನು ಬಾಟಲಿ ಹೈದರಾಬಾದಿಗೆ ಹೋಗಬೇಕಾದ್ರೂ ಮೊದಲು ನೋಂದಣಿ ಆಗಿರಬೇಕು. ದೊಡ್ಡ ಆನ್‌ಲೈನ್ ಅಂಗಡಿಗಳ ಮೂಲಕ ರಾಜ್ಯದೊಳಗೆ ಮಾತ್ರ ಮಾರೋದಾದ್ರೆ, 2023ರ ಅಕ್ಟೋಬರಿನಿಂದ, ಮಿತಿಯೊಳಗಿರೋರು ನೋಂದಣಿ ಬದಲು ಪೋರ್ಟಲಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. 2025ರ ನವೆಂಬರಿನಿಂದ, ಕಡಿಮೆ ತೆರಿಗೆಯ ಸಣ್ಣವರಿಗೆ ಮೂರು ಕೆಲಸದ ದಿನದಲ್ಲಿ ನೋಂದಣಿ ಕೊಡುವ ವ್ಯವಸ್ಥೆಯೂ ಬಂದಿದೆ.

ಬಿಲ್ಲಲ್ಲಿ ಏನು ಬರೀಬೇಕು

ನೋಂದಣಿ ಇಲ್ಲದ ರೈತ ಬಿಲ್ಲಲ್ಲಿ ಜಿಎಸ್‌ಟಿ ಅನ್ನೋ ಪದವನ್ನೇ ಮುಟ್ಟಬಾರದು. ಸಂತೆಗಳಲ್ಲಿ, ಕೃಷಿ ಮೇಳಗಳಲ್ಲಿ ಕಾಣೋ ಕೆಲವು ಬಿಲ್ಲುಗಳಲ್ಲಿ ನೋಂದಣಿ ನಂಬರೇ ಇರಲ್ಲ, ಕೆಳಗೆ ಮಾತ್ರ ‘ಜಿಎಸ್‌ಟಿ ಶೇ. 5’ ಅಂತ ಸೇರಿಸಿರ್ತಾರೆ. ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡೋದೇ ಕಾನೂನುಬಾಹಿರ. ಬಿಲ್ಲಿಂಗ್ ಆ್ಯಪ್ ಹಾಕಿಕೊಂಡ ದಿನವೇ ಸೆಟ್ಟಿಂಗ್ಸಲ್ಲಿ ತೆರಿಗೆ ಆಫ್ ಮಾಡಿ.

ಹಾಗಂತ ಚೀಟಿಯೇ ಬೇಡ ಅಂತಲ್ಲ. ತಾರೀಕು, ಬೆಳೆ, ತೂಕ, ದರ, ಕೊಂಡವರ ಹೆಸರು, ‘ಸ್ವಂತ ಸಾಗುವಳಿಯ ಬೆಳೆ’ ಅಂತ ಒಂದು ಸಾಲು. ಮಂಡಿಯಲ್ಲಿ ಬಿಳಿ ಚೀಟಿ ಕೈಗೆ ತುರುಕಿದರೆ ಸರಿಯಾದ ಬಿಲ್ ಕೇಳಿ. ಬೆಳೆ ಸಮೀಕ್ಷೆ ಆ್ಯಪಲ್ಲಿ ನಿಮ್ಮ ಸರ್ವೆ ನಂಬರಿಗೆ ಬೆಳೆ ಸರಿಯಾಗಿ ದಾಖಲಾಗಿದ್ದರೆ ಪಹಣಿ, ಚೀಟಿ, ಯುಪಿಐ ಮೂರೂ ಒಂದೇ ಮಾತಾಡುತ್ತವೆ. ನೋಟಿಸಿಗೆ ಅದಕ್ಕಿಂತ ಒಳ್ಳೆ ಉತ್ತರ ಇಲ್ಲ. ಬಾಟಲಿ ವ್ಯಾಪಾರಕ್ಕೆ ಬೇರೆ ಕ್ಯೂಆರ್ ಕೋಡ್, ಬೇರೆ ಬ್ಯಾಂಕ್ ಖಾತೆ ಇಟ್ಟುಬಿಟ್ಟರೆ ಅರ್ಧ ಲೆಕ್ಕ ತಾನಾಗೇ ಆಗುತ್ತೆ.

ನೋಂದಣಿ ಆದವರಿಗೆ ಎರಡು ಥರದ ಬಿಲ್. ತೆರಿಗೆ ಇರುವ ಸರಕಿಗೆ ‘ಟ್ಯಾಕ್ಸ್ ಇನ್‌ವಾಯ್ಸ್’, ವಿನಾಯಿತಿ ಸರಕಿಗೆ ‘ಬಿಲ್ ಆಫ್ ಸಪ್ಲೈ’. ಮನೆಬಳಕೆಯ ಗಿರಾಕಿ ಸೊಪ್ಪಿನ ಜೊತೆ ಎಣ್ಣೆ ಬಾಟಲಿ ತಗೊಂಡರೆ ಎರಡು ಹಾಳೆ ಹರಿಯೋದು ಬೇಡ, ‘ಇನ್‌ವಾಯ್ಸ್-ಕಮ್-ಬಿಲ್ ಆಫ್ ಸಪ್ಲೈ’ ಅಂತ ಒಂದೇ ಕೊಡಬಹುದು. ನೋಂದಣಿ ಇರುವ ಅಂಗಡಿಗೆ ಮಾರುವಾಗ ಎರಡೂ ಬೇರೆ ಬೇರೆ. ಬಿಲ್ ನಂಬರ್ 16 ಅಕ್ಷರ ಮೀರಬಾರದು, ಸರಣಿ ತಪ್ಪಬಾರದು, ಒಂದು ಆರ್ಥಿಕ ವರ್ಷದಲ್ಲಿ ಅದೇ ನಂಬರ್ ಮತ್ತೆ ಬರಬಾರದು. 210 ರೂಪಾಯಿ ಬಾಟಲಿ ರಾಜ್ಯದೊಳಗೆ ಹೋದರೆ ಬೆಲೆ 200, ಕೇಂದ್ರ ಜಿಎಸ್‌ಟಿ 5, ರಾಜ್ಯ ಜಿಎಸ್‌ಟಿ 5 ಅಂತ ಬಿಡಿಸಿ ಬರೀಬೇಕು. ಹೊರರಾಜ್ಯಕ್ಕಾದರೆ ಐಜಿಎಸ್‌ಟಿ 10. ಕೊರಿಯರ್ ಬಿಲ್ಲಲ್ಲಿ ಗಿರಾಕಿಯ ರಾಜ್ಯದ ಹೆಸರು ಮರೀಬೇಡಿ, ಯಾವ ರಾಜ್ಯಕ್ಕೆ ತೆರಿಗೆ ಸೇರಬೇಕು ಅನ್ನೋದು ಅದರಿಂದಲೇ ತೀರ್ಮಾನ ಆಗುತ್ತೆ. ವಹಿವಾಟು 5 ಕೋಟಿಯೊಳಗಿದ್ದರೆ ನೋಂದಣಿ ಇರುವವರಿಗೆ ಕೊಡುವ ಬಿಲ್ಲಲ್ಲಿ ನಾಲ್ಕಂಕಿ ಎಚ್‌ಎಸ್‌ಎನ್ ಕೋಡ್ ಸಾಕು, ಅದಕ್ಕಿಂತ ಜಾಸ್ತಿ ಇದ್ದರೆ ಎಲ್ಲ ಬಿಲ್ಲಿಗೂ ಆರಂಕಿ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂದಿದೆ. 2025ರ ಜುಲೈ ತಿಂಗಳ ಲೆಕ್ಕದಿಂದ, ಮಾರಾಟದ ರಿಟರ್ನಲ್ಲಿ ನೀವು ತುಂಬಿದ ತೆರಿಗೆ ಮೊತ್ತ ಜಿಎಸ್‌ಟಿಆರ್-3ಬಿಗೆ ತಾನೇ ಇಳಿಯುತ್ತೆ, ಅಲ್ಲಿ ತಿದ್ದೋಕಾಗಲ್ಲ. ಮೊದಲೆಲ್ಲ ಕೊನೆ ಗಳಿಗೆಯಲ್ಲಿ ಅಲ್ಲೇ ಸರಿಮಾಡಿಬಿಡ್ತಿದ್ರು. ಈಗ ಬಿಲ್ ಮಟ್ಟದಲ್ಲೇ ನೋಡಿ, ಜಿಎಸ್‌ಟಿಆರ್-1ಎ ಮೂಲಕ ತಿದ್ದಬೇಕು.

ಇ-ಇನ್‌ವಾಯ್ಸ್ ಯಾರಿಗೆ

ವಾಟ್ಸಾಪಲ್ಲಿ ಪಿಡಿಎಫ್ ಬಿಲ್ ಕಳಿಸಿದರೆ ಅದು ಇ-ಇನ್‌ವಾಯ್ಸ್ ಆಗಲ್ಲ. ನಿಮ್ಮ ಸಾಫ್ಟ್‌ವೇರಲ್ಲಿ ಮಾಡಿದ ಬಿಲ್ಲಿನ ವಿವರ ಸರ್ಕಾರ ಒಪ್ಪಿದ ನೋಂದಣಿ ಪೋರ್ಟಲಿಗೆ ಹೋಗಿ, ಅಲ್ಲಿಂದ 64 ಅಕ್ಷರಗಳ ಐಆರ್‌ಎನ್ ಸಂಖ್ಯೆ ಮತ್ತು ಕ್ಯೂಆರ್ ಕೋಡ್ ಪಡೆದು ಬಂದರೆ ಮಾತ್ರ ಅದು ಇ-ಇನ್‌ವಾಯ್ಸ್. 2020ರ ಅಕ್ಟೋಬರಲ್ಲಿ 500 ಕೋಟಿ ದಾಟಿದವರಿಗೆ ಶುರುವಾಗಿದ್ದು ಇಳಿದು ಇಳಿದು 2023ರ ಆಗಸ್ಟ್ 1ಕ್ಕೆ 5 ಕೋಟಿ ದಾಟಿದವರಿಗೆ ಬಂದು ನಿಂತಿದೆ. ಒಂಟಿ ರೈತರಿಗೆ ಇದು ದೂರದ ಮಾತು. ನಿಮ್ಮ ಎಫ್‌ಪಿಒಗೆ ಅಲ್ಲ. ಗೊಬ್ಬರ, ಬೀಜ, ಮೆಕ್ಕೆಜೋಳ ಸೇರಿ 5 ಕೋಟಿ ದಾಟೋದು ಈಗ ದೊಡ್ಡ ವಿಷಯ ಅಲ್ಲ, ಮತ್ತು ಇಲ್ಲೂ ವಿನಾಯಿತಿ ಸರಕಿನ ವಹಿವಾಟು ಲೆಕ್ಕಕ್ಕೆ ಸೇರುತ್ತೆ. ಈ ವರ್ಷ ದಾಟಬೇಕು ಅಂತಲೂ ಇಲ್ಲ. 2017-18ರಿಂದ ಈಚೆಗಿನ ಯಾವುದಾದರೂ ಒಂದು ಹಿಂದಿನ ವರ್ಷ ದಾಟಿದ್ದರೂ ಸಾಕು.

ನೀವು ಎಫ್‌ಪಿಒ ನಿರ್ದೇಶಕರಾಗಿದ್ದರೆ ಮುಂದಿನ ಸಭೆಯಲ್ಲಿ ಇದನ್ನ ಕೇಳಿ. ಇ-ಇನ್‌ವಾಯ್ಸ್ ಕೊಡಬೇಕಾದವರು ಮಾಮೂಲಿ ಬಿಲ್ ಕೊಟ್ಟರೆ ಕಾನೂನು ಅದನ್ನ ಬಿಲ್ ಅಂತಲೇ ಪರಿಗಣಿಸಲ್ಲ. ಕೊಂಡ ಕಂಪನಿಗೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ, ಅವರು ನಿಮ್ಮ ಹಣ ತಡೆಹಿಡೀತಾರೆ, ಕಾಯೋರು ಅರಿಶಿನ ಕೊಟ್ಟ ಸದಸ್ಯ ರೈತರು. ಇ-ಇನ್‌ವಾಯ್ಸ್ ಬೇಕಿರೋದು ನೋಂದಣಿ ಇರುವವರಿಗೆ ಮಾರಿದಾಗ ಮತ್ತು ರಫ್ತಿಗೆ. ಸದಸ್ಯರಿಗೆ ಚಿಲ್ಲರೆಯಾಗಿ ಗೊಬ್ಬರ ಮಾರಿದ್ದಕ್ಕೆ ಬೇಡ, ಪೂರ್ತಿ ವಿನಾಯಿತಿ ಸರಕಿನ ಬಿಲ್ ಆಫ್ ಸಪ್ಲೈಗೂ ಬೇಡ. ತಪ್ಪಾದ ಇ-ಇನ್‌ವಾಯ್ಸ್ ರದ್ದು ಮಾಡೋಕೆ 24 ಗಂಟೆ ಮಾತ್ರ ಅವಕಾಶ, ರದ್ದಾದ ನಂಬರ್ ಮತ್ತೆ ಬಳಸೋ ಹಾಗಿಲ್ಲ, ಆಮೇಲೆ ಕ್ರೆಡಿಟ್ ನೋಟೇ ಗತಿ. 10 ಕೋಟಿ ದಾಟಿದವರು 2025ರ ಏಪ್ರಿಲಿನಿಂದ ಬಿಲ್ ತಾರೀಕಿನ 30 ದಿನದೊಳಗೆ ಪೋರ್ಟಲಿಗೆ ಹಾಕಲೇಬೇಕು, 31ನೇ ದಿನ ಪೋರ್ಟಲ್ ತೆಗೆದುಕೊಳ್ಳಲ್ಲ.

ಹತ್ತಿ, ಸಿಪ್ಪೆ ಸಹಿತ ಗೋಡಂಬಿ, ತಂಬಾಕು ಎಲೆ ಬೆಳೆಯೋರಿಗೆ ಒಂದು ಮಾತು: ನೋಂದಣಿ ಇರುವ ವ್ಯಾಪಾರಿ ಕೃಷಿಕರಿಂದ ಇವನ್ನ ಕೊಂಡರೆ ತೆರಿಗೆ ಕಟ್ಟೋದು ಅವನೇ, ಬಿಲ್ ಬರಕೊಳ್ಳೋದೂ ಅವನೇ. ‘ಜಿಎಸ್‌ಟಿ ಕಳೆದು ಕೊಡ್ತೀನಿ’ ಅಂತ ನಿಮ್ಮ ದರದಲ್ಲಿ ಮುರಿದರೆ ಒಪ್ಪಬೇಡಿ.

ಗಾಡಿಯಲ್ಲಿ ತೆರಿಗೆ ಇರುವ ಸರಕು 50 ಸಾವಿರ ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ತಾಜಾ ತರಕಾರಿ, ಹಣ್ಣಿಗೆ ಬೇಡ.

ದರ ಬದಲಾದ ದಿನ

ದರ ಇನ್ನೂ ಬದಲಾಗ್ತಾನೇ ಇರುತ್ತೆ. ಆಗ ಎಲ್ಲರ ಪ್ರಶ್ನೆ, ಹಿಂದಿನ ವಾರ ಕಳಿಸಿದ ಸರಕಿಗೆ ಯಾವ ದರ ಅನ್ನೋದು. ಮೂರು ತಾರೀಕು ನೋಡಿ: ಸರಕು ಹೋದ ದಿನ, ಬಿಲ್ ಹರಿದ ದಿನ, ದುಡ್ಡು ಬಂದ ದಿನ. ಮೂರರಲ್ಲಿ ಎರಡು ಯಾವ ಕಡೆ ಬೀಳುತ್ತವೋ ಆ ಕಡೆಯ ದರ. ಸೆಪ್ಟೆಂಬರ್ 20ಕ್ಕೆ ತುಪ್ಪ ಕಳಿಸಿ ಅವತ್ತೇ ಬಿಲ್ ಮಾಡಿ, ದುಡ್ಡು ಅಕ್ಟೋಬರಲ್ಲಿ ಬಂದರೆ ಹಳೆಯ ಶೇ. 12. ಅದೇ ತುಪ್ಪಕ್ಕೆ ಬಿಲ್ಲೂ ದುಡ್ಡೂ 22ರ ನಂತರ ಆದರೆ ಶೇ. 5. ಶೇ. 12ರ ಬಿಲ್ಲಲ್ಲಿ ಹೋದ ಬಾಟಲಿ ಡಿಸೆಂಬರಲ್ಲಿ ವಾಪಸ್ ಬಂದರೆ ಕ್ರೆಡಿಟ್ ನೋಟೂ ಶೇ. 12ಕ್ಕೇ, ಮೂಲ ಬಿಲ್ಲಿನ ನಂಬರ್ ಹಾಕಿ. ಆ್ಯಪಲ್ಲಿ ಹಳೆಯ ದರ ಅಳಿಸಿ ಹೊಸದು ತುಂಬೋ ಬದಲು, ‘ತುಪ್ಪ, ಸೆ. 22ರ ನಂತರ’ ಅಂತ ಹೊಸ ಐಟಂ ಮಾಡಿಕೊಂಡರೆ ಇಂಥ ವಾಪಸಾತಿಗಳಿಗೆ ಹಳೆಯ ಐಟಂ ಕೈಗೆ ಸಿಗುತ್ತೆ.